ಹೊರಗೆ ಬಾರದ ಉಸಿರು

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ನೀರು ಕುದಿಯದೆ ನೂಲು ಬರುವುದಿಲ್ಲ. ಗೂಡಿನ ಎಳೆಗಳನ್ನು ಅಂಟಿಸಿಕೊಂಡಿರುವ ಸೆರಿಸಿನ್ ಎಂಬ ಗೋಂದು ಬಿಸಿನೀರಿನಲ್ಲಿ ಸಡಿಲವಾದರಷ್ಟೇ ಎಳೆ ಕೈಗೆ ಸಿಗುತ್ತದೆ. ಸೌದೆ ಉರಿಸುವ ಕಡೆ ಹೊಗೆ, ಬೇಸಿನ್ನಿನ ಹಬೆ, ಬೆಂದ ಹುಳುವಿನ ವಾಸನೆ ಮೂರೂ ಒಂದೇ ಸೂರಿನಡಿ ಸೇರುತ್ತವೆ. ರೇಷ್ಮೆಯ ಪ್ರೋಟೀನು ಕೆಲವರ ಶ್ವಾಸನಾಳಕ್ಕೆ ಆಗಿಬರುವುದಿಲ್ಲ. ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ಫಿಲೇಚರ್‌ಗಳ ಕೆಲಸಗಾರರಲ್ಲಿ ಕಾಣುವ ಆಸ್ತಮಾದ ಬಗ್ಗೆ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲೇ ಅಧ್ಯಯನ ಪ್ರಕಟಿಸಿದ್ದರು.

ಆಂಧ್ರದ ಗಡಿಗೆ ಹತ್ತಿರದ ನಗರಗೆರೆ ಹೋಬಳಿಯಂಥ ಕಡೆ ಉಸಿರಿನ ತೊಂದರೆಗೆ ಕಾರಣ ಇನ್ನೂ ಹತ್ತಿರದ್ದು: ಅಡುಗೆ ಒಲೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿದ ಡಾ. ಪಿ.ಎ. ಮಹೇಶ್ ಮತ್ತು ತಂಡ 2013ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಒಟ್ಟು ಎಷ್ಟು ವರ್ಷ, ಎರಡನ್ನೂ ಗುಣಿಸಬೇಕು. ಉತ್ತರ 60 ಮುಟ್ಟಿತೆಂದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ಇಪ್ಪತ್ತಕ್ಕೆ ಮದುವೆಯಾಗಿ ಬಂದು ದಿನಾ ನಾಲ್ಕು ಗಂಟೆ ಸೌದೆ ಒಲೆ ಊದಿದ ಹೆಣ್ಣುಮಗಳು ಮೂವತ್ತೈದಕ್ಕೇ ಆ ಗೆರೆ ಮುಟ್ಟುತ್ತಾಳೆ. ಬೀಡಿ ಸೇದದವರಿಗೂ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ, ಬರುವುದು ಹೀಗೆ.

ದಮ್ಮು ಹತ್ತಿತೆಂದರೆ ಗಾಳಿ ಒಳಗೆ ಹೋಗುತ್ತಿಲ್ಲ ಎಂದೇ ಎಲ್ಲರ ಎಣಿಕೆ. ತೊಡಕು ಶುರುವಾಗುವುದು ಮಾತ್ರ ಹೊರಗೆ ಬಿಡುವಲ್ಲಿ. ಆರೋಗ್ಯವಂತ ಗಂಡಸಿನ ಶ್ವಾಸಕೋಶ ಪೂರ್ತಿ ತುಂಬಿದಾಗ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತದೆ. ಎಷ್ಟೇ ಊದಿದರೂ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ನಾಳಗಳು ಕಿರಿದಾದಾಗ ಈ ಉಳಿಕೆ ಬೆಳೆಯುತ್ತದೆ. ಚಿಂತಾಮಣಿಯಲ್ಲಿ ನಿಂತ ಬಸ್ಸಿನಿಂದ ಯಾರೂ ಇಳಿಯದಿದ್ದರೆ ಹತ್ತುವವರಿಗೆ ಜಾಗವೆಲ್ಲಿ? ಬೇಗ ನಡೆದರೆ ಉಸಿರಿನ ವೇಗ ಹೆಚ್ಚುತ್ತದೆ, ಹೊರಬಿಡಲು ಸಿಗುವ ಸಮಯ ಕಡಿಮೆಯಾಗುತ್ತದೆ, ಪ್ರತಿ ಉಸಿರಿಗೂ ಒಂದಿಷ್ಟು ಗಾಳಿ ಸಿಕ್ಕಿಬೀಳುತ್ತದೆ. ಎದೆ ಪೀಪಾಯಿಯಂತಾಗುತ್ತದೆ. ಕಮಾನಿನಂತೆ ಬಾಗಿರಬೇಕಾದ ವಪೆ ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ. ಉಬ್ಬಸ ಎಂಬ ನಮ್ಮ ಪದದ ಮೂಲ ಏನೇ ಇರಲಿ, ಅದರೊಳಗೆ ಉಬ್ಬು ಕೇಳಿಸುವುದಂತೂ ಎಷ್ಟು ಸರಿ!

ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಸ್ಪೈರೋಮೀಟರಿಗೆ ಊದಿಸುತ್ತಾರೆ. ಆಮೇಲೆ ಸಾಮಾನ್ಯವಾಗಿ ನಾಳ ತೆರೆಸುವ ಸಾಲ್ಬ್ಯುಟಮಾಲ್ ಔಷಧಿಯನ್ನು 400 ಮೈಕ್ರೋಗ್ರಾಂ ಎಳೆಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಶೇಕಡಾ 12 ಮತ್ತು 200 ಮಿಲಿಲೀಟರ್ ಹೆಚ್ಚಿದರೆ ನಾಳ ತೆರೆದುಕೊಂಡಿತು ಎಂಬುದು ಹಳೆಯ ಅಳತೆ. ಆ ವ್ಯಕ್ತಿಯ ವಯಸ್ಸು, ಎತ್ತರಕ್ಕೆ ಇರಬೇಕಾದ ಪ್ರಮಾಣದ ಶೇಕಡಾ 10ಕ್ಕಿಂತ ಹೆಚ್ಚು ಏರಬೇಕು ಎಂಬುದು ಅಮೆರಿಕ, ಯುರೋಪಿನ ತಜ್ಞ ಸಂಘಗಳ ಈಚಿನ ಮಾನದಂಡ.

ಎಡವಟ್ಟಾಗುವುದು ಇಲ್ಲೇ. ಸಿಒಪಿಡಿ ಇರುವ ಹಲವರಲ್ಲಿ ಈ ಅಂಕಿ ಅಲುಗಾಡುವುದೇ ಇಲ್ಲ. ಕಾಗದ ನೋಡಿದ ಮನೆಯವರು ಔಷಧಿ ನಾಟುತ್ತಿಲ್ಲ ಎಂದುಕೊಳ್ಳುತ್ತಾರೆ. ಆದರೆ ರೋಗಿ ಹೇಳುವ ಮಾತೇ ಬೇರೆ: ಎದೆ ಹಗುರಾಯಿತು, ಕೊಳಾಯಿವರೆಗೆ ನಿಲ್ಲದೆ ಹೋಗಿಬಂದೆ. ಅದು ಭ್ರಮೆಯಲ್ಲ. ಸಿಕ್ಕಿಬಿದ್ದ ಗಾಳಿ ಕೆಲವು ನೂರು ಮಿಲಿಲೀಟರ್ ಇಳಿದರೂ ಹೊಸ ಉಸಿರಿಗೆ ಅಷ್ಟು ಜಾಗ ಸಿಗುತ್ತದೆ. ಒಳಗೆ ಉಳಿದ ಗಾಳಿಯನ್ನು ಅಳೆಯಲು ಗಾಜಿನ ಕೋಣೆಯಂಥ ದೊಡ್ಡ ಯಂತ್ರ ಬೇಕು, ಅದು ತಾಲ್ಲೂಕಿನ ಆಸ್ಪತ್ರೆಗೆ ಬರುವಂಥದ್ದಲ್ಲ. ಹಾಗಾಗಿ ಎಷ್ಟು ದೂರ ನಡೆದಿರಿ, ಎಷ್ಟು ಸಲ ನಿಂತಿರಿ ಎಂಬ ಪ್ರಶ್ನೆಗೆ ಬರುವ ಉತ್ತರವನ್ನೂ ವೈದ್ಯರು ಅಂಕಿಯಷ್ಟೇ ಗೌರವದಿಂದ ಬರೆದುಕೊಳ್ಳಬೇಕು.

ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಆದರೆ ಔಷಧಿಯ ಪ್ರಮಾಣ ನೋಡಿ: ಸಾಲ್ಬ್ಯುಟಮಾಲಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆ ಅದರ ನಲವತ್ತು ಪಟ್ಟು. ಮಾತ್ರೆ ಇಡೀ ಮೈಯನ್ನು ಸುತ್ತಿ ಬರುತ್ತದೆ, ಕೈ ನಡುಗಿಸುತ್ತದೆ. ಪಫ್ ನೇರವಾಗಿ ನಾಳಕ್ಕೆ ಇಳಿಯುತ್ತದೆ. ಇನ್‌ಹೇಲರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಜೋಡಿಸಿದರೆ ವಯಸ್ಸಾದವರಿಗೂ ಸಲೀಸು.

ಔಷಧಿಯ ಜೊತೆಗೆ ಕಲಿಸುವ ಒಂದು ಉಸಿರಾಟವಿದೆ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಗಾಳಿ ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವವರೆಗೆ ನಿಧಾನವಾಗಿ ಬಿಡುವುದು. ಬಾಯಲ್ಲಿ ಉಳಿಯುವ ಒತ್ತಡ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳದಂತೆ ತಡೆಯುತ್ತದೆ, ಒಳಗಿನ ಗಾಳಿಗೆ ಹೊರಬರಲು ಹೊತ್ತು ಸಿಗುತ್ತದೆ. ಊದುಗೊಳವೆ ಹಿಡಿದು ಒಲೆ ಹೊತ್ತಿಸಿದ ಅಜ್ಜಿಯರಿಗೆ ತುಟಿಯ ಆ ಆಕಾರವನ್ನು ಯಾರೂ ಹೊಸದಾಗಿ ತೋರಿಸಬೇಕಿಲ್ಲ. ಈ ಸಲ ಎದುರಿಗೆ ಹೊಗೆ ಇರಬಾರದು, ಅಷ್ಟೇ.