ನಿಮ್ಮ ದಮ್ಮು ಎಷ್ಟು?

ಮೈದಾನದಲ್ಲಿ ನಾಲ್ಕು ಸುತ್ತು ಓಡುವಷ್ಟರಲ್ಲಿ ಒಬ್ಬನಿಗೆ ಏದುಸಿರು ಬರುತ್ತದೆ. ಇನ್ನೊಬ್ಬಳು ಹತ್ತು ಸುತ್ತು ಓಡಿಯೂ ಸಲೀಸಾಗಿ ಮಾತನಾಡುತ್ತಾಳೆ. ‘ಅವಳಿಗೆ ದಮ್ಮು ಜಾಸ್ತಿ’ ಎನ್ನುತ್ತೀರಿ. ಈ ದಮ್ಮನ್ನು ಅಳೆಯುವುದು ಹೇಗೆ?

ಓಡುವಾಗ ನಿಮ್ಮ ಸ್ನಾಯುಗಳಿಗೆ ಆಮ್ಲಜನಕ ಬೇಕು. ಶ್ವಾಸಕೋಶಗಳು ಅದನ್ನು ಗಾಳಿಯಿಂದ ಹೀರುತ್ತವೆ. ಹೃದಯ ರಕ್ತದ ಮೂಲಕ ಸ್ನಾಯುಗಳಿಗೆ ತಲುಪಿಸುತ್ತದೆ. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುತ್ತದೆ. ಆದರೆ ಇದಕ್ಕೊಂದು ಮೇಲ್ಮಿತಿ ಇದೆ. ಬ್ರಿಟನ್ನಿನ ವಿಜ್ಞಾನಿ ಎ. ವಿ. ಹಿಲ್ 1920ರ ದಶಕದಲ್ಲಿ ಓಟದ ಪ್ರಯೋಗಗಳಿಂದ ಇದನ್ನು ಗುರುತಿಸಿದರು. ಇದೇ ‘ಗರಿಷ್ಠ ಆಮ್ಲಜನಕ ಬಳಕೆ’. ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಇದನ್ನು ಹೇಳುತ್ತಾರೆ.

ನಿಖರವಾಗಿ ಅಳೆಯಲು ಪ್ರಯೋಗಾಲಯ ಬೇಕು. ಓಟಗಾರ ಮುಖಕ್ಕೆ ಮುಖವಾಡ ಕಟ್ಟಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುತ್ತಾನೆ. ಅವನು ಬಿಟ್ಟ ಉಸಿರನ್ನು ಯಂತ್ರ ವಿಶ್ಲೇಷಿಸುತ್ತದೆ. ಇದು ದುಬಾರಿ, ಒಮ್ಮೆಗೆ ಒಬ್ಬರಿಗೆ ಮಾತ್ರ ಸಾಧ್ಯ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಸುಲಭದ ದಾರಿಯೊಂದನ್ನು ಪ್ರಕಟಿಸಿದರು. ಅವರು 115 ಪುರುಷರನ್ನು 12 ನಿಮಿಷ ಓಡಿಸಿ ದೂರ ಅಳೆದರು, ಪ್ರಯೋಗಾಲಯದಲ್ಲೂ ಪರೀಕ್ಷಿಸಿದರು. ಹೆಚ್ಚು ದೂರ ಓಡಿದವರ ಆಮ್ಲಜನಕ ಬಳಕೆಯೂ ಬಹುಮಟ್ಟಿಗೆ ಹೆಚ್ಚಾಗಿತ್ತು.

ಲೆಕ್ಕ ಹೀಗೆ: ಓಡಿದ ಮೀಟರುಗಳಿಂದ 505 ಕಳೆಯಿರಿ, ಉಳಿದದ್ದನ್ನು 44.7ರಿಂದ ಭಾಗಿಸಿ. 400 ಮೀಟರ್ ಟ್ರ್ಯಾಕಿನಲ್ಲಿ ಆರು ಸುತ್ತು, ಅಂದರೆ 2400 ಮೀಟರ್ ಓಡಿದರೆ ಉತ್ತರ ಸುಮಾರು 42.

ದೊಡ್ಡ ಮೈದಾನ ಇಲ್ಲವೇ? ಕೆನಡಾದ ಲ್ಯೂಕ್ ಲೆಜೆ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಪರೀಕ್ಷೆಗೆ 20 ಮೀಟರ್ ಅಂತರದ ಎರಡು ಗೆರೆಗಳು ಸಾಕು. ಧ್ವನಿಮುದ್ರಿತ ‘ಬೀಪ್’ ಸದ್ದಿಗೆ ಸರಿಯಾಗಿ ಗೆರೆಯಿಂದ ಗೆರೆಗೆ ಓಡಬೇಕು. ಮೊದಲ ವೇಗ ಗಂಟೆಗೆ 8.5 ಕಿಲೋಮೀಟರ್, ಆಮೇಲೆ ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಏರುತ್ತದೆ. ಸದ್ದಿನೊಡನೆ ಹೆಜ್ಜೆ ಹಾಕಲಾಗದಿದ್ದರೆ ನಿಮ್ಮ ಓಟ ಮುಗಿಯಿತು.

ಈಗ ಮುಖ್ಯವಾದ ಮಾತು. ಈ ಅಂಕಿ ಅಂದಾಜು ಮಾತ್ರ. ಕೂಪರರ ಸೂತ್ರ ಹುಟ್ಟಿದ್ದು ವಾಯುಪಡೆಯ ಗಂಡಸರಿಂದ; ಹದಿನಾಲ್ಕರ ಬಾಲಕಿಗೆ ಅದನ್ನೇ ಹಚ್ಚಿದರೆ ಉತ್ತರ ತಪ್ಪಬಹುದು. ಮೊದಲ ಎರಡು ನಿಮಿಷ ಜೋರಾಗಿ ಓಡಿ ಸುಸ್ತಾದವನಿಗೆ ಕಡಿಮೆ ಅಂಕಿ ಬರುತ್ತದೆ. ಅದು ಹೃದಯದ ದೋಷವಲ್ಲ, ಓಟದ ಲೆಕ್ಕಾಚಾರದ ದೋಷ. ಮಧ್ಯಾಹ್ನದ ಬಿಸಿಲು, ನಿದ್ದೆಗೆಟ್ಟ ರಾತ್ರಿ ಕೂಡ ದೂರವನ್ನು ತಗ್ಗಿಸುತ್ತವೆ. ಆದ್ದರಿಂದ ಒಂದೇ ದಿನದ ಓಟ ನೋಡಿ ಯಾರನ್ನಾದರೂ ತಂಡದಿಂದ ಕೈಬಿಡುವುದು ನ್ಯಾಯವಲ್ಲ.

ಹಾಗಾದರೆ ಇದರ ಉಪಯೋಗ? ನಿಮ್ಮನ್ನು ನಿಮ್ಮೊಂದಿಗೇ ಹೋಲಿಸಿಕೊಳ್ಳಿ. ಅದೇ ಮೈದಾನ, ಅದೇ ಬೆಳಗಿನ ಹೊತ್ತು. ಮೊದಲು ಹತ್ತು ನಿಮಿಷ ಮೈ ಬಿಸಿಮಾಡಿಕೊಂಡು ಸಮವೇಗದಲ್ಲಿ ಓಡಿ. ದೂರವನ್ನು ಬರೆದಿಡಿ. ಮೂರು ತಿಂಗಳ ಅಭ್ಯಾಸದ ನಂತರ 2400 ಮೀಟರ್ 2600 ಆಗಿದ್ದರೆ ಅಂದಾಜು 42ರಿಂದ 47ಕ್ಕೆ ಏರಿದೆ ಎಂದರ್ಥ. ಆ ಏರಿಕೆ ನೀವೇ ಗಳಿಸಿದ್ದು.

ಉಬ್ಬಸ, ಎದೆನೋವು ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಪರೀಕ್ಷೆಗೆ ಇಳಿಯಬಾರದು. ಜ್ವರವಿದ್ದರೆ ಅಂದು ಓಡಬೇಡಿ. ಓಡುವಾಗ ದೈಹಿಕ ಶಿಕ್ಷಕರು ಜೊತೆಯಲ್ಲಿರಲಿ.