ಬಿರುಗಾಳಿಯ ಬೆನ್ನು ಹತ್ತಿದವರು

ಮೇ ತಿಂಗಳು ಬಂತೆಂದರೆ ಅಮೆರಿಕದ ಓಕ್ಲಹೋಮ, ಕ್ಯಾನ್ಸಸ್ ಬಯಲಿನ ಸಣ್ಣ ಊರುಗಳ ಪೆಟ್ರೋಲ್ ಬಂಕುಗಳಲ್ಲಿ ಪರಊರಿನ ಕಾರುಗಳು ಸಾಲುಗಟ್ಟುತ್ತವೆ. ಬಾನೆಟ್ ಮೇಲೆ ಆಲಿಕಲ್ಲು ಬಡಿದ ತಗ್ಗುಗಳು, ಮುಂದಿನ ಸೀಟಿನಲ್ಲಿ ತೆರೆದಿಟ್ಟ ಲ್ಯಾಪ್‌ಟಾಪ್. ಇಳಿದವರ ಕಣ್ಣೆಲ್ಲ ಪಶ್ಚಿಮದ ಆಕಾಶದ ಮೇಲೆ. ರಜೆ ಹಾಕಿ, ಸ್ವಂತ ದುಡ್ಡು ಸುರಿದು, ಬಿರುಗಾಳಿ ನೋಡಲೆಂದೇ ಬಂದ ಹವ್ಯಾಸಿಗಳು ಇವರು.

ಇದನ್ನು ಹುಚ್ಚು ಎನ್ನುವವರು ಇದರ ಚರಿತ್ರೆಯನ್ನೊಮ್ಮೆ ನೋಡಬೇಕು. ಉತ್ತರ ಡಕೋಟದ ಡೇವಿಡ್ ಹೋಡ್ಲಿ 1956ರಲ್ಲಿ ಬಿರುಗಾಳಿ ಅರಸಿ ಹೊರಟಾಗ ಹವಾಮಾನ ಉಪಗ್ರಹಗಳೇ ಇರಲಿಲ್ಲ. 1977ರಲ್ಲಿ ಅವರು ‘ಸ್ಟಾರ್ಮ್ ಟ್ರ್ಯಾಕ್’ ಪತ್ರಿಕೆ ಆರಂಭಿಸಿ, ಚದುರಿಹೋಗಿದ್ದ ಆಸಕ್ತರನ್ನು ಒಗ್ಗೂಡಿಸಿದರು. ಅಷ್ಟರಲ್ಲಿ ವಿಜ್ಞಾನಿಗಳೂ ರಸ್ತೆಗಿಳಿದಿದ್ದರು. 1973ರ ಮೇ 24ರಂದು ಓಕ್ಲಹೋಮದ ಯೂನಿಯನ್ ಸಿಟಿಯಲ್ಲಿ ಸುಂಟರಗಾಳಿಯೊಂದನ್ನು ಹುಟ್ಟಿನಿಂದ ಕೊನೆಯವರೆಗೆ ಚಿತ್ರೀಕರಿಸಿದರು. ಆ ಚಿತ್ರಗಳನ್ನು ಡಾಪ್ಲರ್ ರಾಡಾರ್ ದಾಖಲೆಯ ಪಕ್ಕದಲ್ಲಿಟ್ಟಾಗ, ಗಾಳಿ ನೆಲ ಮುಟ್ಟುವ ಮೊದಲೇ ಮೋಡದೊಳಗಿನ ಸುತ್ತು ರಾಡಾರಿಗೆ ಕಂಡಿದ್ದು ಗೊತ್ತಾಯಿತು. ಇಂದಿನ ಮುನ್ನೆಚ್ಚರಿಕೆ ವ್ಯವಸ್ಥೆಗೆ ಬುನಾದಿ ಬಿದ್ದದ್ದು ಹೀಗೆ.

ಮುಚ್ಚಳ ತೆರೆಯುವ ಹೊತ್ತು

ಈ ಬಯಲಿನಲ್ಲಿ ಬಿರುಗಾಳಿ ಹುಟ್ಟುವ ಬಗೆ ಹೀಗೆ: ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ನೆಲದುದ್ದಕ್ಕೂ ಉತ್ತರಕ್ಕೆ ಹರಿದು ಬರುತ್ತದೆ. ನೈಋತ್ಯದ ಎತ್ತರದ ನಾಡಿನಿಂದ ಬಂದ ಬಿಸಿ ಒಣಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮುಚ್ಚಳ ಒಡೆದರೆ ತೇವದ ಗಾಳಿ ರಭಸದಿಂದ ಮೇಲಕ್ಕೆ ನುಗ್ಗುತ್ತದೆ. ಕೆಳಗೆ ದಕ್ಷಿಣದ ಗಾಳಿ, ಮೇಲೆ ಪಶ್ಚಿಮದ ಬಿರುಸು ಗಾಳಿ. ಇವೆರಡರ ನಡುವೆ ಸಿಕ್ಕಿ ಮೋಡವೇ ತಿರುಗತೊಡಗುತ್ತದೆ. ಅದೇ ಸೂಪರ್‌ಸೆಲ್.

ಎಷ್ಟೋ ದಿನ ಮುಚ್ಚಳ ಒಡೆಯುವುದೇ ಇಲ್ಲ. ಒಡೆದರೂ ಹೆಚ್ಚಿನ ಸೂಪರ್‌ಸೆಲ್‌ಗಳು ಸುಂಟರಗಾಳಿ ಹಡೆಯುವುದಿಲ್ಲ. ಬೆಳಗ್ಗೆ ನಕ್ಷೆ ಓದಿ, ನೂರಾರು ಕಿಲೋಮೀಟರ್ ಓಡಿ, ಬರಿಗೈಯಲ್ಲಿ ಮರಳುವುದೇ ಇಲ್ಲಿನ ದಿನಚರಿ. ಬಿರುಗಾಳಿ ಸಾಮಾನ್ಯವಾಗಿ ಈಶಾನ್ಯಕ್ಕೆ ಸಾಗುವುದರಿಂದ, ಬಲ್ಲವರು ಅದರ ಆಗ್ನೇಯಕ್ಕೆ ನಿಂತು ಮಳೆಯಿಲ್ಲದ ಮೋಡದ ತಳವನ್ನು ಗಮನಿಸುತ್ತಾರೆ. ದಕ್ಷಿಣಕ್ಕೆ ತಪ್ಪಿಸಿಕೊಳ್ಳಲು ದಾರಿಯೊಂದನ್ನು ಸದಾ ನೋಡಿಟ್ಟುಕೊಂಡಿರುತ್ತಾರೆ.

ಎಲ್ ರೀನೊ ಕಲಿಸಿದ ಪಾಠ

2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ ನೋಡನೋಡುತ್ತಲೇ 4.2 ಕಿಲೋಮೀಟರ್ ಅಗಲಕ್ಕೆ ಹಿಗ್ಗಿ, ದಿಕ್ಕು ಬದಲಿಸಿ ವೇಗ ಹೆಚ್ಚಿಸಿಕೊಂಡಿತು. ಅತ್ಯಂತ ಎಚ್ಚರದವರೆಂದು ಹೆಸರಾಗಿದ್ದ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಅದಕ್ಕೆ ಸಿಕ್ಕಿ ಜೀವ ಕಳೆದುಕೊಂಡರು. ಅನುಭವವೊಂದೇ ಕಾಪಾಡದು ಎಂಬುದನ್ನು ಆ ಸಂಜೆ ಕಲಿಸಿತು. ರಸ್ತೆಯ ಅಪಾಯವೂ ಕಡಿಮೆಯದಲ್ಲ. 2022ರ ಏಪ್ರಿಲ್‌ನಲ್ಲಿ ಬಿರುಗಾಳಿ ನೋಡಿ ಮರಳುತ್ತಿದ್ದ ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನಶಾಸ್ತ್ರ ವಿದ್ಯಾರ್ಥಿಗಳು ಅಪಘಾತದಲ್ಲಿ ಸತ್ತರು.

ಎಲ್ ರೀನೊದಿಂದ ಬಂದ ತಿಳಿವೂ ದೊಡ್ಡದು. ಅಂದು ಸುತ್ತಲೂ ನಿಂತಿದ್ದ ಹವ್ಯಾಸಿಗಳ ವಿಡಿಯೊಗಳನ್ನು ಸಂಶೋಧಕರು ಕಲೆಹಾಕಿದರು. ಎಲ್ಲದರಲ್ಲೂ ಕಂಡ ಮಿಂಚುಗಳನ್ನು ಆಧಾರವಾಗಿಟ್ಟು ಅವುಗಳ ಸಮಯ ಹೊಂದಿಸಿದರು. ಈ ದೃಶ್ಯಗಳನ್ನೂ ಸಂಚಾರಿ ರಾಡಾರ್ ದಾಖಲೆಯನ್ನೂ ತಾಳೆ ನೋಡಿದಾಗ, ಸುಂಟರಗಾಳಿಯ ಸುತ್ತು ಮೇಲಿನಿಂದ ಇಳಿಯುವ ಬದಲು ನೆಲದ ಹತ್ತಿರವೇ ಮೊದಲು ಬಲಗೊಂಡಿತ್ತೆಂಬ ಸುಳಿವು ಸಿಕ್ಕಿತು.

ಈ ಹವ್ಯಾಸದ ಬೆಲೆ ಇರುವುದು ಇಲ್ಲಿಯೇ. ದೂರ ಹೋದಂತೆ ರಾಡಾರ್ ಕಿರಣ ನೆಲದಿಂದ ಮೇಲೇರುತ್ತದೆ. ಅದರ ಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ಬಯಲಲ್ಲಿ ನಿಂತವರ ಕಣ್ಣೇ ಹೇಳಬೇಕು. ಆದ್ದರಿಂದ ಈ ದಾರಿ ಹಿಡಿಯುವವರು ಮೊದಲು ಅಮೆರಿಕದ ಹವಾಮಾನ ಸೇವೆಯವರ ‘ಸ್ಕೈವಾರ್ನ್’ ತರಬೇತಿ ಪಡೆಯಲಿ, ಅನುಭವಿಗಳ ಜೊತೆ ತಿರುಗಲಿ, ದೂರ ಕಾಯ್ದುಕೊಳ್ಳಲಿ. ಕಂಡದ್ದನ್ನು ವಿಡಿಯೊ ಹಂಚುವ ಮೊದಲು ಹವಾಮಾನ ಕಚೇರಿಗೆ ತಿಳಿಸಲಿ. ಆ ಕರೆಯಿಂದ ಮುಂದಿನ ಊರಿನವರಿಗೆ ಸುರಕ್ಷಿತ ಜಾಗ ಸೇರಲು ಕೆಲವೇ ನಿಮಿಷ ಹೆಚ್ಚು ಸಿಕ್ಕರೂ ಓಡಿದ ದಾರಿ ಸಾರ್ಥಕ.