ಮಣ್ಣೊಂದು, ಬದುಕೆರಡು

ಬಂಗಾರಪೇಟೆಯಿಂದ ಹೊರಟ ರೈಲುಹಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗಿನ ದಾರಿ ನೆಲದೊಳಕ್ಕಿತ್ತು. 2001ರಲ್ಲಿ ಮುಚ್ಚುವ ಹೊತ್ತಿಗೆ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಂಥ ಆಳದ ಗಣಿಯೂ ಮೇಲಿನ ಹೊಲವೂ ಮಣ್ಣೇ. ಆ ಮಣ್ಣನ್ನು ಆಶ್ರಯಿಸಿದ ಎರಡು ಪ್ರಾಣಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು: ಹೊಲದ ಚಿಟ್ಟಿಲಿ ಮತ್ತು ಮನುಷ್ಯನ ಕೊಕ್ಕೆಹುಳು.

ಚಿಟ್ಟಿಲಿಯ ತೂಕ ಸುಮಾರು 10 ಗ್ರಾಂ. ಅದರದು ಬಿಸಿರಕ್ತದ ಮೈ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುತ್ತದೆ. ಹಾಗಾಗಿ ಅದು ಮೇಲಿಂದ ಮೇಲೆ ತಿನ್ನಬೇಕು, ಬಿಲ ತೋಡಬೇಕು, ಹಾವು ಗೂಬೆಗಳ ಸುಳಿವು ಹಿಡಿಯಬೇಕು. ಇದಕ್ಕೆಲ್ಲ ಮಿದುಳು ಬೇಕು. ಮರಿಗಳು ಕಣ್ಣು ತೆರೆಯದೆ, ಕೂದಲಿಲ್ಲದೆ ಹುಟ್ಟುವುದರಿಂದ ತಾಯಿ ಹಾಲೂಡಿಸಿ ಸಾಕುತ್ತದೆ.

ಕೊಕ್ಕೆಹುಳುವಿನ ಉದ್ದ ಸುಮಾರು ಒಂದು ಸೆಂಟಿಮೀಟರ್. ಹೃದಯವಿಲ್ಲ, ಶ್ವಾಸಕೋಶವಿಲ್ಲ. ನಮ್ಮ ಸಣ್ಣಕರುಳೇ ಅದಕ್ಕೆ ಬೆಚ್ಚನೆಯ ಮನೆ. ಗೋಡೆಗೆ ಬಾಯಿ ಕಚ್ಚಿ, ರಕ್ತ ಹೆಪ್ಪುಗಟ್ಟದಂತೆ ರಸ ಸ್ರವಿಸಿ, ಹೀರುತ್ತ ವರ್ಷಗಟ್ಟಲೆ ಬಾಳುತ್ತದೆ. ಹುಳುಗಳು ಹೆಚ್ಚಾದರೆ ರಕ್ತಹೀನತೆ ಕಾಡುತ್ತದೆ. ಮರಿ ಸಾಕುವ ಗೊಡವೆ ಅದಕ್ಕಿಲ್ಲ. ಹೆಣ್ಣುಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಉಳಿದದ್ದನ್ನು ಮಣ್ಣಿಗೆ ಬಿಡುತ್ತದೆ.

ಇಷ್ಟು ಹಗುರ ಮಾಡಿಕೊಂಡ ಬದುಕಿಗೂ ಒಂದು ಬಿಡಿಸಲಾಗದ ಕಟ್ಟಿದೆ. ಆ ಮೊಟ್ಟೆಗಳು ಕರುಳಿನೊಳಗೆ ಮರಿಯಾಗಲಾರವು. ಮಲದೊಡನೆ ಹೊರಬಿದ್ದು, ಬೆಚ್ಚಗಿನ ತೇವದ ನೆರಳಿನ ಮಣ್ಣಿನಲ್ಲಿ ಒಡೆಯಬೇಕು. ವಾರ ಕಳೆಯುವಷ್ಟರಲ್ಲಿ ಮರಿಹುಳು ಸಿದ್ಧವಾಗಿ, ಬರಿಗಾಲಿನ ಚರ್ಮ ತೂರಿ, ರಕ್ತದ ಮೂಲಕ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳು ತಲುಪುತ್ತದೆ.

ಮೇಲೆ ಚಳಿಯಿದ್ದರೂ ಆಳದ ಗಣಿಯೊಳಗೆ ಬಿಸಿ, ತೇವ, ಕತ್ತಲೆ ಮೂರೂ ಇರುತ್ತವೆ. ಶೌಚಾಲಯವೂ ಇಲ್ಲದಿದ್ದರೆ ಹುಳುವಿಗೆ ಬೇಕಾದದ್ದೆಲ್ಲ ಒದಗಿದಂತೆ. 1880ರಲ್ಲಿ ಆಲ್ಪ್ಸ್ ಪರ್ವತದ ಗಾಟ್‌ಹಾರ್ಡ್ ಸುರಂಗದ ಕೂಲಿಗಳನ್ನು ಅದು ಕಂಗೆಡಿಸಿತು. 1902ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಡಾಲ್ಕೋತ್ ಗಣಿಯಲ್ಲಿ ಕೆಲಸಗಾರರ ರಕ್ತಹೀನತೆಗೆ ಇದೇ ಕಾರಣವೆಂದು ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಪತ್ತೆಹಚ್ಚಿದರು. ಅದೇ ಕಾರ್ನ್‌ವಾಲ್‌ನ ಗಣಿಗಾರರು ಆಗ ಕೋಲಾರದಲ್ಲೂ ದುಡಿಯುತ್ತಿದ್ದರು.

ಹುಳು ಕೀಳು, ಇಲಿ ಮೇಲು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಎರಡೂ ತಮ್ಮ ತಮ್ಮ ಮನೆಗೆ ತಕ್ಕ ಮೈ ಪಡೆದಿವೆ. ಆದರೆ ಇಲಿ ಹೊಲದಲ್ಲಿ ನಮ್ಮ ಹಂಗಿಲ್ಲದೆ ಬಾಳಬಲ್ಲದು. ಕೊಕ್ಕೆಹುಳು ಬಾಳುವುದು ನಮ್ಮ ಮಲ ಮಣ್ಣು ಸೇರಿದರೆ ಮಾತ್ರ. ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಕರುಳಿನ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವುದನ್ನಲ್ಲ. ಮಾತ್ರೆಯ ಜೊತೆಗೆ ಕಾಲಿಗೆ ಚಪ್ಪಲಿ, ಪ್ರತಿ ಮನೆಗೆ, ಪ್ರತಿ ಕೆಲಸದ ಜಾಗಕ್ಕೆ ನೀರಿರುವ ಶೌಚಾಲಯ ಸಿಕ್ಕಿದರೆ ಕರುಳಿಂದ ಮಣ್ಣಿಗೆ, ಮಣ್ಣಿಂದ ಕಾಲಿಗೆ ಸಾಗುವ ಸರಪಳಿ ಕಡಿಯುತ್ತದೆ.